ಅಗಲುವವರ ಜೊತೆಗಾರರು: ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯ ಒಂದು ಮರೆತ ಇತಿಹಾಸ

ಸಂಕ್ರಾಂತಿಯ ಜಾತ್ರೆಯಲ್ಲಿ ಸೊಲ್ಲಾಪುರದ ಸಿದ್ಧೇಶ್ವರ ಕೆರೆಯ ದಂಡೆಗೆ ಹೋದವರೆಲ್ಲರೂ ಸಮ್ಮತಿ ಕಟ್ಟೆಯನ್ನು ಬಲ್ಲರು. ಸೊನ್ನಲಿಗೆಯ ಸಿದ್ಧರಾಮನನ್ನೇ ವರಿಸುವೆನೆಂದು ಕುಂಬಾರರ ಕನ್ಯೆಯೊಬ್ಬಳು ಹಟ ಹಿಡಿದಳೆಂದೂ ಆತನು ತನ್ನ ಯೋಗದಂಡದೊಡನೆ ವಿವಾಹವಾಗಲು ಆಕೆಗೆ ಅನುಮತಿಯಿತ್ತನೆಂದೂ ಜನರ ನಂಬಿಕೆ. ಆ ನೆನಪಿಗಾಗಿ ಏಳು ನಂದಿಕೋಲುಗಳು ಬಂದು ನಿಲ್ಲುತ್ತವೆ, ಸಮ್ಮತಿಯ ವಾಚನವಾಗುತ್ತದೆ, ನೆರೆದ ಜನಸಾಗರ ಅಕ್ಷತೆ ಹಾಕುತ್ತದೆ. ಮರಾಠಿ, ಕನ್ನಡ, ತೆಲುಗು, ಉರ್ದು ಎಂಬ ಭೇದವಿಲ್ಲದೆ ಊರಿಗೆ ಊರೇ ಒಂದು ಮದುವೆಯ ಸಾಕ್ಷಿಯಾಗಿ ನಿಲ್ಲುವ ಆ ದೃಶ್ಯವನ್ನು ಕಂಡಾಗಲೆಲ್ಲ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೂಡುವಾಗ ಇಷ್ಟು ಜನ ಸಾಕ್ಷಿಯಿರುವ ನಮ್ಮ ಸಮಾಜದಲ್ಲಿ, ಕೂಡಿದವರು ಅಗಲಬೇಕಾಗಿ ಬಂದಾಗ ಅವರ ಪಕ್ಕದಲ್ಲಿ ನಿಂತವರು ಯಾರು?

ಇದು ಅಶುಭದ ಪ್ರಶ್ನೆಯೆಂದು ಕೆಲವರು ಅನ್ನಬಹುದು. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ವಿಚ್ಛೇದನದ ಮಾತೇಕೆ ಎಂದೂ ಕೇಳಬಹುದು. ಆದರೆ ನಮ್ಮ ಸಂಘದ ಯಾವ ಮನೆತನವನ್ನು ತೆಗೆದುಕೊಂಡರೂ ಎರಡು ಮೂರು ತಲೆಮಾರುಗಳೊಳಗೆ ತವರಿಗೆ ಮರಳಿದ ಒಬ್ಬ ಮಗಳೋ, ಒಲೆಯ ಮುಂದೆ ಮೌನವಾಗಿ ಮುದುಕಿಯಾದ ಒಬ್ಬ ಸೋದರತ್ತೆಯೋ ಸಿಕ್ಕೇ ಸಿಗುತ್ತಾಳೆ. ಅವಳ ಕಥೆಯನ್ನು ನಾವು ವಂಶಾವಳಿಯಲ್ಲಿ ಬರೆದಿಲ್ಲ. ಈ ಲೇಖನ ಆ ಬಿಟ್ಟುಹೋದ ಸಾಲನ್ನು ಕುರಿತದ್ದು. ಕಾನೂನು ಬೆಳೆದ ಬಗೆಯನ್ನು ಹೇಳುತ್ತಲೇ, ಅಗಲುವವರ ಜೊತೆ ಕುಳಿತವರು ಕಾಲಕಾಲಕ್ಕೆ ಯಾರಾಗಿದ್ದರು ಎಂಬುದನ್ನು ಗುರುತಿಸುವುದು ಇದರ ಉದ್ದೇಶ.

ದೈವದ ಕಟ್ಟೆ ಮತ್ತು ಸೋಡಚಿಠ್ಠಿ

ವಿಚ್ಛೇದನವು ಪಶ್ಚಿಮದಿಂದ ಬಂದ ಹೊಸ ರೋಗವೆಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ನಮ್ಮ ಸೀಮೆಯ ಆಡುಮಾತೇ ಈ ಮಾತನ್ನು ಸುಳ್ಳಾಗಿಸುತ್ತದೆ. ಮರಾಠಿಯಲ್ಲಿ ವಿಚ್ಛೇದನಕ್ಕೆ ‘ಕಾಡೀಮೋಡ’ ಎಂಬ ಹಳೆಯ ಹೆಸರಿದೆ. ಕಡ್ಡಿ ಮುರಿಯುವುದು ಎಂದು ಅದರ ಅರ್ಥ. ಕಡ್ಡಿಯನ್ನು ಮುರಿದು ಎರಡು ಮಾಡಿದರೆ ಸಂಬಂಧ ಕಡಿಯಿತು. ಬಿಡುಗಡೆಯ ಪತ್ರಕ್ಕೆ ‘ಸೋಡಚಿಠ್ಠಿ’ ಎನ್ನುತ್ತಿದ್ದರು. ‘ಫಾರಕತ್’ ಎಂಬ ಮಾತೂ ಬಳಕೆಯಲ್ಲಿತ್ತು. ಬಿಡುಗಡೆಯಾದವಳು ಅಥವಾ ವಿಧವೆಯಾದವಳು ಮತ್ತೆ ಮನೆ ಕಟ್ಟಿಕೊಂಡರೆ ಅದು ಕನ್ನಡದಲ್ಲಿ ‘ಉಡಿಕೆ’ ಅಥವಾ ‘ಸೀರುಡಿಕೆ’, ಮರಾಠಿಯಲ್ಲಿ ‘ಪಾಟ’. ಇಷ್ಟು ಶಬ್ದಗಳು ಇದ್ದವೆಂದರೆ ಅಷ್ಟು ಬಳಕೆಯೂ ಇತ್ತೆಂದೇ ಅರ್ಥ. ಬಳಕೆಯಿಲ್ಲದ ವಸ್ತುವಿಗೆ ಹಳ್ಳಿಯ ಜನ ಹೆಸರಿಡುವುದಿಲ್ಲ.

ಪೇಶವೆಗಳ ಆಳಿಕೆ ಮುಗಿದ ಮೇಲೆ ದಖ್ಖನಿನ ಜಾತಿಗಳ ಕಟ್ಟಳೆಗಳನ್ನು ತಿಳಿಯಲು ಇಂಗ್ಲಿಷರು ಶಾಸ್ತ್ರಿಗಳನ್ನೂ ಜಾತಿಯ ಹಿರಿಯರನ್ನೂ ವಿಚಾರಿಸಿದರು. ಆ ಮಾಹಿತಿಯನ್ನು ಆರ್ಥರ್ ಸ್ಟೀಲ್ ಎಂಬ ಅಧಿಕಾರಿ ಒಂದುಗೂಡಿಸಿದ ಗ್ರಂಥ 1827ರಲ್ಲಿ ಪ್ರಕಟವಾಯಿತು. ಮೇಲ್ಜಾತಿಗಳಲ್ಲಿ ಮದುವೆ ಬಿಡಿಸಲಾಗದ ಸಂಸ್ಕಾರವಾಗಿದ್ದರೂ ದುಡಿಯುವ ಅನೇಕ ಸಮುದಾಯಗಳಲ್ಲಿ ಬಿಡುಗಡೆಯೂ ಮರುಮದುವೆಯೂ ರೂಢಿಯಲ್ಲಿದ್ದುದು ಅದರಿಂದ ತಿಳಿಯುತ್ತದೆ. 1884ರಲ್ಲಿ ಹೊರಬಂದ ಮುಂಬಯಿ ಪ್ರಾಂತದ ಗೆಜೆಟಿಯರಿನ 20ನೆಯ ಸಂಪುಟ ಸೊಲ್ಲಾಪುರ ಜಿಲ್ಲೆಯದು. ಅದು ಒಂದೊಂದೇ ಜಾತಿಯನ್ನು ವರ್ಣಿಸುತ್ತ, ಸಾಮಾಜಿಕ ವ್ಯಾಜ್ಯಗಳನ್ನು ಜಾತಿಯವರು ಸಭೆ ಸೇರಿ ತೀರಿಸಿಕೊಳ್ಳುತ್ತಾರೆ ಎಂಬ ಮಾತನ್ನು ಮತ್ತೆ ಮತ್ತೆ ದಾಖಲಿಸುತ್ತದೆ. ಆ ಸಭೆಯನ್ನೇ ನಮ್ಮ ಕಡೆ ‘ದೈವ’ ಎನ್ನುತ್ತೇವೆ. ‘ದೈವಕ್ಕ ಹಾಕೂದು’ ಎಂದರೆ ದೇವರಿಗೆ ಹರಕೆ ಹೊರುವುದಲ್ಲ, ಹಿರಿಯರ ಮುಂದೆ ದೂರು ಇಡುವುದು.

ಈ ದೈವವನ್ನು ಹೊಗಳುವುದೂ ಸುಲಭ, ತೆಗಳುವುದೂ ಸುಲಭ. ಎರಡನ್ನೂ ಅಳತೆಯಿಂದ ಮಾಡಬೇಕು. ಅದರ ಗುಣವೇನೆಂದರೆ, ಹೆಣ್ಣುಮಗಳು ತನ್ನ ಭಾಷೆಯಲ್ಲಿ, ತನ್ನ ಊರಿನ ಗುಡಿಯ ಕಟ್ಟೆಯಲ್ಲಿ, ತಂದೆ ಸೋದರಮಾವಂದಿರನ್ನು ಪಕ್ಕದಲ್ಲಿ ಕೂರಿಸಿಕೊಂಡು ನ್ಯಾಯ ಕೇಳಬಹುದಿತ್ತು. ತೀರ್ಮಾನ ದಿನಗಳಲ್ಲಿ ಆಗುತ್ತಿತ್ತು, ವರ್ಷಗಳಲ್ಲಿ ಅಲ್ಲ. ದೋಷವೇನೆಂದರೆ, ಕಟ್ಟೆಯ ಮೇಲೆ ಕುಳಿತವರೆಲ್ಲ ಗಂಡಸರು. ಮದುವೆಯ ಖರ್ಚನ್ನು ಮರಳಿಸಬೇಕೆಂಬ ಕರಾರು ಬರುತ್ತಿತ್ತು. ಉಡಿಕೆಯಾದವಳಿಗೆ ಮೊದಲ ಮದುವೆಯವಳ ಮಾನ ಸಿಗುತ್ತಿರಲಿಲ್ಲ. ಮಂಗಳಕಾರ್ಯಗಳಲ್ಲಿ ಅವಳನ್ನು ಹಿಂದೆ ನಿಲ್ಲಿಸುತ್ತಿದ್ದರು. ದೈವ ಅವಳ ಜೊತೆ ಕುಳಿತಿತ್ತು, ನಿಜ. ಆದರೆ ಅವಳಿಗಾಗಿ ಕುಳಿತಿರಲಿಲ್ಲ. ಊರಿನ ಒಪ್ಪಂದ ಕೆಡದಿರಲೆಂದು ಕುಳಿತಿತ್ತು.

ಕಟ್ಟೆಯಿಂದ ಕೋರ್ಟಿಗೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕಟ್ಟೆಗೂ ಇಂಗ್ಲಿಷರ ನ್ಯಾಯಾಲಯಕ್ಕೂ ಘರ್ಷಣೆ ಹುಟ್ಟಿತು. ಗಂಡನ ಒಪ್ಪಿಗೆಯಿಲ್ಲದೆ ಜಾತಿಯೇ ಹೆಂಡತಿಗೆ ಬಿಡುಗಡೆ ಕೊಟ್ಟು ಮರುಮದುವೆಗೆ ಅನುಮತಿಸುವ ಪದ್ಧತಿಯನ್ನು ಮುಂಬಯಿ ಹೈಕೋರ್ಟು 1864ರ ಕರ್ಸನ್ ಗೋಜಾ ಪ್ರಕರಣದಲ್ಲಿಯೂ 1876ರ ಸಂಭು ರಘು ಪ್ರಕರಣದಲ್ಲಿಯೂ ಮಾನ್ಯ ಮಾಡಲಿಲ್ಲ. ಮದುವೆಯನ್ನು ರದ್ದುಗೊಳಿಸುವ ಅಧಿಕಾರ ಜಾತಿಗೆ ಇಲ್ಲವೆಂಬುದು ಆ ತೀರ್ಪುಗಳ ಸಾರ. ಇದರ ಪರಿಣಾಮ ವಿಚಿತ್ರವಾಯಿತು. ದೈವದ ಮಾತನ್ನು ನಂಬಿ ಎರಡನೆಯ ಮನೆ ಹೂಡಿದವಳು ದಂಡಸಂಹಿತೆಯ ಕಣ್ಣಿಗೆ ಅಪರಾಧಿಯಾಗಬಹುದಾಗಿತ್ತು. ಗಂಡನು ತಾನಾಗಿ ಸೋಡಚಿಠ್ಠಿ ಬರೆದುಕೊಟ್ಟರೆ ಮಾತ್ರ ಅವಳು ಸುರಕ್ಷಿತಳು. ಹೀಗೆ ಬಿಡುಗಡೆಯ ಕೀಲಿಕೈ ಪೂರ್ಣವಾಗಿ ಗಂಡನ ಕೈ ಸೇರಿತು. ಹೆಣ್ಣಿನ ಪರವಾಗಿ ನೀತಿಯನ್ನು ತಿದ್ದುವೆವೆಂದು ಹೊರಟ ನ್ಯಾಯಾಲಯವು ಅವಳಿಗಿದ್ದ ಒಂದು ಕಿರುಬಾಗಿಲನ್ನೂ ಮುಚ್ಚಿದಂತಾಯಿತು.

ಎಲ್ಲ ನ್ಯಾಯಾಲಯಗಳೂ ಒಂದೇ ದಾರಿ ಹಿಡಿಯಲಿಲ್ಲ. 1885ರ ವೀರಸಂಗಪ್ಪ–ರುದ್ರಪ್ಪ ಪ್ರಕರಣದಲ್ಲಿ ಮದರಾಸು ಹೈಕೋರ್ಟು ದಕ್ಷಿಣ ಕನ್ನಡದ ಲಿಂಗಾಯತರಲ್ಲಿದ್ದ ಸೀರುಡಿಕೆಯ ರೂಢಿಯನ್ನು ಎತ್ತಿಹಿಡಿಯಿತು. ಗಂಡ ತೊರೆದ ಹೆಂಡತಿಯ ಮರುಮದುವೆಯನ್ನು ಮಾನ್ಯ ಮಾಡಿತು. ಇಂಗ್ಲಿಷ್ ಕಾನೂನಿನ ವರದಿಗಳಲ್ಲಿ ಸೀರೆ ಉಡಿಸುವ ನಮ್ಮ ಕನ್ನಡದ ಶಬ್ದ ಇಂದಿಗೂ ಉಳಿದಿದೆ. ನಮ್ಮ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಇಲ್ಲಿ ಮುಂಬಯಿಯ ಮಾತೇ ನಡೆಯಿತು. ಯಾವ ಹೈಕೋರ್ಟಿನ ಎಲ್ಲೆಯಲ್ಲಿ ಹುಟ್ಟಿದಳು ಎಂಬುದೇ ಅವಳ ಹಣೆಬರಹವನ್ನು ಬರೆಯಿತು. ಗಡಿಯ ಜನರಾದ ನಮಗೆ ಈ ಅನುಭವ ಹೊಸದಲ್ಲ.

ಇದೇ ಕಾಲದಲ್ಲಿ ಮುಂಬಯಿಯಲ್ಲಿ ರುಖಮಾಬಾಯಿಯ ಮೊಕದ್ದಮೆ ನಡೆಯಿತು. 1864ರಲ್ಲಿ ಹುಟ್ಟಿದ ಆಕೆಗೆ ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿಯೊಡನೆ ಮದುವೆಯಾಗಿತ್ತು. ಬೆಳೆದ ಮೇಲೆ ಆ ಮನೆಗೆ ಹೋಗಲು ಆಕೆ ಒಪ್ಪಲಿಲ್ಲ. 1884ರಲ್ಲಿ ಗಂಡ ದಾವೆ ಹೂಡಿದ. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರವಾಗಿ ತೀರ್ಪು ಕೊಟ್ಟರೂ ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. ಗಂಡನ ಮನೆಗೆ ಹೋಗು, ಇಲ್ಲವೆ ಆರು ತಿಂಗಳು ಸೆರೆಮನೆಗೆ ಹೋಗು ಎಂದು 1887ರಲ್ಲಿ ಅಪ್ಪಣೆಯಾಯಿತು. ಸೆರೆಮನೆಗೇ ಹೋಗುವೆನೆಂದು ಆಕೆ ನುಡಿದದ್ದು ದೇಶವನ್ನೇ ಬೆಚ್ಚಿಬೀಳಿಸಿತು. ಕಡೆಗೆ 1888ರಲ್ಲಿ ಎರಡು ಸಾವಿರ ರೂಪಾಯಿಗೆ ರಾಜಿಯಾಯಿತು. ಆಕೆ ಲಂಡನ್ನಿಗೆ ಹೋಗಿ ವೈದ್ಯಕೀಯ ಕಲಿತು ಬಂದು ಸೂರತ್, ರಾಜಕೋಟೆಗಳಲ್ಲಿ ಸೇವೆ ಸಲ್ಲಿಸಿದಳು.

ರುಖಮಾಬಾಯಿಯ ಧೈರ್ಯವನ್ನು ಎಲ್ಲರೂ ನೆನೆಯುತ್ತಾರೆ. ಆ ಧೈರ್ಯಕ್ಕೆ ಹೆಗಲು ಕೊಟ್ಟವರನ್ನೂ ನೆನೆಯಬೇಕು. ಮಲತಂದೆ ಡಾ. ಸಖಾರಾಮ ಅರ್ಜುನ ಆಕೆಯನ್ನು ಓದಿಸಿ ಮನೆಯಲ್ಲಿರಿಸಿಕೊಂಡರು. ಬೆಹರಾಮಜಿ ಮಲಬಾರಿ ಪತ್ರಿಕೆಗಳಲ್ಲಿ ಬರೆದರು. ವೈದ್ಯೆ ಎಡಿತ್ ಪೀಚಿ ಮುಂದಿನ ದಾರಿ ತೋರಿಸಿದರು. ನೆರವಿಗಾಗಿ ಒಂದು ಸಮಿತಿಯೇ ರಚನೆಯಾಯಿತು. ಕಾನೂನು ಆಕೆಗೆ ಬಿಡುಗಡೆ ಕೊಡಲಿಲ್ಲ. ಜೊತೆಗಾರರು ದಾರಿ ಕೊಟ್ಟರು. ಅಂಥ ಜೊತೆಗಾರರಿಲ್ಲದ ಸಾವಿರಾರು ಹೆಣ್ಣುಮಕ್ಕಳ ಹೆಸರು ಯಾವ ವರದಿಯಲ್ಲಿಯೂ ಇಲ್ಲ.

ನಲವತ್ತು ಕಿಲೋಮೀಟರಿನ ಅಂತರ

ಶಾಸನದ ಮೂಲಕ ವಿಚ್ಛೇದನದ ಹಕ್ಕನ್ನು ಕೊಟ್ಟವರಲ್ಲಿ ದೇಶೀ ಸಂಸ್ಥಾನವಾದ ಬಡೋದೆ ಮುಂದಿತ್ತು. ಅಲ್ಲಿ 1931ರಲ್ಲಿಯೇ ಹಿಂದೂ ವಿಚ್ಛೇದನ ಕಾಯಿದೆ ಬಂದಿತು. ಮುಂಬಯಿ ಪ್ರಾಂತವು 1946ರಲ್ಲಿ ದ್ವಿಪತ್ನಿತ್ವವನ್ನು ನಿಷೇಧಿಸಿ 1947ರಲ್ಲಿ ಹಿಂದೂ ವಿಚ್ಛೇದನ ಕಾಯಿದೆಯನ್ನು ಜಾರಿಗೆ ತಂದಿತು. ನಾಲ್ಕು ವರ್ಷ ಸತತವಾಗಿ ತೊರೆದುಹೋದ ಸಂಗಾತಿಯಿಂದ ಬಿಡುಗಡೆ ಕೇಳುವ ಹಕ್ಕು ಗಂಡಿಗೂ ಹೆಣ್ಣಿಗೂ ಸಮನಾಗಿ ದೊರೆಯಿತು.

ಇಲ್ಲಿ ನಮ್ಮ ಸೀಮೆಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸೊಲ್ಲಾಪುರ ನಗರ ಬ್ರಿಟಿಷ್ ಜಿಲ್ಲೆಯ ಕೇಂದ್ರ. ಸುಮಾರು 40 ಕಿಲೋಮೀಟರ್ ದೂರದ ಅಕ್ಕಲಕೋಟೆ ಭೋಸಲೆ ಅರಸರ ಸಂಸ್ಥಾನ. ಎರಡೂ ಕಡೆ ಅದೇ ಕನ್ನಡ, ಅದೇ ಬಂಧುಬಳಗ, ಅದೇ ಜಾತ್ರೆ. ಅಕ್ಕಲಕೋಟೆಯ ಹೆಣ್ಣನ್ನು ಸೊಲ್ಲಾಪುರಕ್ಕೂ ಸೊಲ್ಲಾಪುರದ ಹೆಣ್ಣನ್ನು ಅಕ್ಕಲಕೋಟೆಗೂ ಕೊಟ್ಟು ತರುವುದು ನಿತ್ಯದ ಮಾತು. ಆದರೆ 1947ರಲ್ಲಿ ಪ್ರಾಂತದ ಶಾಸನಸಭೆ ಕೊಟ್ಟ ಹಕ್ಕು ಸಂಸ್ಥಾನದ ಎಲ್ಲೆಯಲ್ಲಿ ನಿಂತಿತು. 1948ರ ಮಾರ್ಚಿನಲ್ಲಿ ಅಕ್ಕಲಕೋಟೆ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲಷ್ಟೇ ಅದಕ್ಕೆ ದಾರಿ ತೆರೆಯಿತು.

ಮುಂದೆ ದೇಶಕ್ಕೆಲ್ಲ ಒಂದೇ ಹಿಂದೂ ಸಂಹಿತೆಯ ಚರ್ಚೆ ನಡೆದಾಗ, ವಿಚ್ಛೇದನ ಹಿಂದೂ ಧರ್ಮಕ್ಕೆ ಅಪರಿಚಿತವೆಂದವರಿಗೆ ಡಾ. ಅಂಬೇಡ್ಕರರು ಕೊಟ್ಟ ಉತ್ತರ ನಮ್ಮ ಕಾಡೀಮೋಡದ ಇತಿಹಾಸವನ್ನೇ ಆಧರಿಸಿತ್ತು. ಬಹುಸಂಖ್ಯಾತರಾದ ಶೂದ್ರ ಸಮುದಾಯಗಳಲ್ಲಿ ಅದು ಮೊದಲಿನಿಂದಲೂ ರೂಢಿಯಲ್ಲಿದೆ ಎಂದು ಅವರು ವಾದಿಸಿದರು. ಸಂಹಿತೆ ಮುಂದೆ ಸಾಗದೆ 1951ರಲ್ಲಿ ಅವರು ಮಂತ್ರಿಪದವನ್ನು ತೊರೆದರು. 1955ರಲ್ಲಿ ಹಿಂದೂ ವಿವಾಹ ಕಾಯಿದೆ ಬಂದಿತು. ಅದರ 29ನೆಯ ಕಲಮಿನಲ್ಲಿ ರೂಢಿಯ ವಿಚ್ಛೇದನಕ್ಕೂ ಸ್ಥಾನ ಉಳಿಯಿತು. ಒಂದು ಸ್ವಾರಸ್ಯವೆಂದರೆ, ತೊರೆದುಹೋದುದನ್ನೇ ವಿಚ್ಛೇದನಕ್ಕೆ ಕಾರಣವಾಗಿ ಒಪ್ಪಿದ್ದ ಮುಂಬಯಿಯ ಶಾಸನ ರದ್ದಾಯಿತು. ಹೊಸ ಕಾಯಿದೆ ಅದಕ್ಕೆ ಮೊದಲು ನ್ಯಾಯಿಕ ಪ್ರತ್ಯೇಕತೆಯನ್ನು ಮಾತ್ರ ಕೊಟ್ಟಿತು. ಹಳೆಯ ಹಕ್ಕು ಮರಳಿ ಬರಲು 1976ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಅದೇ 1976ರ ತಿದ್ದುಪಡಿಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಬಂದಿತು. ಇದರ ರಚನೆಯನ್ನು ನಾವು ಗಮನಿಸುವುದು ಒಳ್ಳೆಯದು. ಒಂದು ವರ್ಷ ಬೇರೆ ಬಾಳಿದವರು ಕೂಡಿ ಅರ್ಜಿ ಕೊಡಬೇಕು; ಮತ್ತೆ ಆರು ತಿಂಗಳು ಕಳೆದ ಮೇಲೆ ಬಂದು ಇನ್ನೊಮ್ಮೆ ಹೇಳಬೇಕು. ಒಪ್ಪಿಗೆ ಕೊನೆಯ ಆಜ್ಞೆಯವರೆಗೂ ಉಳಿದಿರಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿ ಸ್ಪಷ್ಟಪಡಿಸಿತು. ಕೂಡಿ ಬಾಳುವ ದಾರಿ ಪೂರ್ಣವಾಗಿ ಮುಚ್ಚಿದ್ದಲ್ಲಿ ಆರು ತಿಂಗಳ ಕಾಯುವಿಕೆಯನ್ನು ಬಿಡಬಹುದೆಂದು 2017ರಲ್ಲಿ ಹೇಳಿತು. ಮದುವೆಗೆ ಕಟ್ಟೆಯ ಮೇಲೆ ಒಮ್ಮೆ ಸಮ್ಮತಿ ಸಾಕು. ಅಗಲಲು ಕಾನೂನು ಎರಡು ಸಲ ಕೇಳುತ್ತದೆ. ಆ ಎರಡು ಸಮ್ಮತಿಗಳ ನಡುವಿನ ಕಾಲವೇ ಮನುಷ್ಯನಿಗೆ ಅತ್ಯಂತ ಕಠಿಣವಾದದ್ದು. ಆಗ ಯಾರೊಬ್ಬರೂ ಅಕ್ಷತೆ ಹಿಡಿದು ಬರುವುದಿಲ್ಲ.

ನಮ್ಮ ನೆರೆಹೊರೆಯ ಮುಸ್ಲಿಂ ಕುಟುಂಬಗಳ ಕಥೆ ಬೇರೆ ದಾರಿಯಲ್ಲಿ ನಡೆಯಿತು. 1939ರ ಕಾಯಿದೆ ಮುಸ್ಲಿಂ ಪತ್ನಿಗೆ ನ್ಯಾಯಾಲಯದಲ್ಲಿ ಬಿಡುಗಡೆ ಕೇಳುವ ಹಕ್ಕು ಕೊಟ್ಟಿತು. ಆದರೆ ಗಂಡನ ಒಂದೇ ಉಸಿರಿನ ತಲಾಕಿನ ಭಯ ಉಳಿಯಿತು. 1966ರಲ್ಲಿ ಹಮೀದ್ ದಳವಾಯಿ ಅವರ ಮುಂದಾಳತ್ವದಲ್ಲಿ ಏಳು ಜನ ಹೆಣ್ಣುಮಕ್ಕಳು ಮುಂಬಯಿಯಲ್ಲಿ ಮೋರ್ಚಾ ತೆಗೆದದ್ದು ಮಹಾರಾಷ್ಟ್ರದ ಸಾಮಾಜಿಕ ಇತಿಹಾಸದ ದೊಡ್ಡ ಘಟನೆ. ಏಳು ಜನರ ಆ ಕೂಗು ಸುಪ್ರೀಂ ಕೋರ್ಟಿನ 2017ರ ತೀರ್ಪಾಗಲು 51 ವರ್ಷ ಬೇಕಾಯಿತು.

ಪರಿತ್ಯಕ್ತೆಯರು ಮತ್ತು ಆಪ್ತಸಮಾಲೋಚಕರು

ಹಕ್ಕು ಪುಸ್ತಕದಲ್ಲಿ ಬಂದರೂ ಬಹುಪಾಲು ಹೆಣ್ಣುಮಕ್ಕಳು ಅತ್ತ ವಿಚ್ಛೇದಿತೆಯೂ ಅಲ್ಲದ, ಇತ್ತ ಪತ್ನಿಯೂ ಅಲ್ಲದ ನಡುವಿನ ನೆಲದಲ್ಲಿ ಉಳಿದರು. ಗಂಡ ಬಿಟ್ಟವಳೆಂದು ಊರು ಅಂದಿತು. 1980ರ ದಶಕದಲ್ಲಿ ಮಹಾರಾಷ್ಟ್ರದ ಚಳವಳಿಗಳು ಆ ಹೀನಾಯದ ಮಾತಿನ ಬದಲಿಗೆ ‘ಪರಿತ್ಯಕ್ತಾ’ ಎಂಬ ಶಬ್ದವನ್ನು ಮುಂದಿಟ್ಟವು. ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಸಂಗಮನೇರದಲ್ಲಿ ನ್ಯಾಯವಾದಿ ನಿಶಾ ಶಿವೂರಕರ, ಸಾಂಗ್ಲಿ ಜಿಲ್ಲೆಯ ಕಡೆಗೆ ಇಂದುತಾಯಿ ಪಾಟಣಕರ ಮೊದಲಾದವರು ಇಂಥವರನ್ನು ಸಂಘಟಿಸಿದರು. ರೇಷನ್ ಕಾರ್ಡು, ಮನೆ, ನೆಲ ಇಂಥ ದಿನನಿತ್ಯದ ಪ್ರಶ್ನೆಗಳನ್ನು ಎತ್ತಿದರು. ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದವಳಿಗೆ ಸಂವಿಧಾನದ ಸಮಾನತೆಯಿಂದ ಹೊಟ್ಟೆ ತುಂಬದು.

ಹೊಟ್ಟೆ ಮತ್ತು ಸೂರಿನ ಪ್ರಶ್ನೆ ನಮ್ಮ ಸೊಲ್ಲಾಪುರಕ್ಕೆ ಚೆನ್ನಾಗಿ ತಿಳಿದದ್ದು. 1877ರಲ್ಲಿ ಮೊದಲ ಗಿರಣಿ ಬಂದಂದಿನಿಂದ ಈ ಊರು ದುಡಿಯುವ ಹೆಣ್ಣುಮಕ್ಕಳ ಊರು. ನಗರದ ಹೊರಗೆ ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಗೋದೂತಾಯಿ ಪರುಳೇಕರ ಅವರ ಹೆಸರಿನಲ್ಲಿ ಹತ್ತು ಸಾವಿರ ಮನೆಗಳ ವಸಾಹತು ಎದ್ದಿತು. ಕೈಯಲ್ಲಿ ದುಡಿಮೆ, ತಲೆಯ ಮೇಲೆ ಸೂರು ಇದ್ದವಳು ಇರುವುದನ್ನೋ ಬಿಡುವುದನ್ನೋ ತಾನೇ ನಿರ್ಧರಿಸಬಲ್ಲಳು. ಎರಡೂ ಇಲ್ಲದವಳಿಗೆ ಸಮ್ಮತಿ ಎಂಬುದು ಬರಿಯ ಶಬ್ದ. ಇದನ್ನು ಅರಿತೇ 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ವಿಚ್ಛೇದಿತ ಪತ್ನಿಗೂ ಜೀವನಾಂಶದ ಹಕ್ಕು ಕೊಟ್ಟಿತು. ನಮ್ಮ ಕಡೆಯವರು ಅದನ್ನು ಮರಾಠಿಯ ‘ಪೋಟಗಿ’ ಎಂಬ ಹೆಸರಿನಿಂದಲೇ ಬಲ್ಲರು. ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸಬಾರದೆಂಬ ಮಿತಿ ಮಾತ್ರ 2001ರವರೆಗೂ ಉಳಿದಿತ್ತು.

1984ನೆಯ ಇಸವಿ ಈ ಇತಿಹಾಸದಲ್ಲಿ ಒಂದು ತಿರುವು. ಆ ವರ್ಷ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಮುಂದಾಳತ್ವದಲ್ಲಿ ಮುಂಬಯಿ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ಹೆಣ್ಣುಮಕ್ಕಳಿಗಾಗಿ ವಿಶೇಷ ಘಟಕ ತೆರೆಯಿತು. ಪೊಲೀಸ್ ಕಚೇರಿಯೊಳಗೆ ಸಮಾಜ ಕಾರ್ಯಕರ್ತೆಯೊಬ್ಬಳು ದೂರುದಾರಳ ಪಕ್ಕದಲ್ಲಿ ಕುಳಿತಳು. ಅದೇ ವರ್ಷ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಬಂದಿತು. ಆ ಕಾಯಿದೆಯಲ್ಲಿ ಎರಡು ಮಾತುಗಳಿವೆ. ಒಂದು, ಪಕ್ಷಗಾರರಿಗೆ ವಕೀಲರ ಮೂಲಕವೇ ವಾದಿಸುವ ಹಕ್ಕು ತಾನಾಗಿ ಬರುವುದಿಲ್ಲ. ಇನ್ನೊಂದು, ನ್ಯಾಯಾಲಯಕ್ಕೆ ಆಪ್ತಸಮಾಲೋಚಕರನ್ನು ಸರ್ಕಾರ ಒದಗಿಸಬೇಕು. ಕರಿಯ ಕೋಟಿನ ಜಾಗದಲ್ಲಿ ಸಮಾಧಾನದ ಮಾತು ಬರಲೆಂಬ ಆಶಯ ಅದು. ಮಹಾರಾಷ್ಟ್ರದಲ್ಲಿ ಅವರನ್ನು ‘ಸಮುಪದೇಶಕ’ ಎನ್ನುತ್ತಾರೆ. ಕನ್ನಡದ ಶಬ್ದದಲ್ಲಿ ‘ಆಪ್ತ’ ಎಂಬುದು ಸೇರಿಕೊಂಡಿರುವುದು ನನಗೆ ಸಂತೋಷದ ಸಂಗತಿ.

ಆದರೆ ಕಾಯಿದೆಯ ಮೊದಲ ಗುರಿ ರಾಜಿ. ಮನೆ ಮುರಿಯದಂತೆ ನೋಡುವುದು ಆಪ್ತಸಮಾಲೋಚಕರ ಮೊದಲ ಕರ್ತವ್ಯ. ಅದು ತಪ್ಪೆನ್ನಲಾಗದು, ಅನೇಕ ಮನೆಗಳು ಹಾಗೆ ಉಳಿದಿವೆ. ಆದರೆ ಉಳಿಯಲಾರದೆಂದು ತೀರ್ಮಾನವಾದ ಮೇಲೆ, ತಾರೀಖಿನಿಂದ ತಾರೀಖಿಗೆ ಅಲೆಯುವವರ ಜೊತೆ ನಡೆಯುವವರಾರು? ವಕೀಲರು ದಾವೆಯನ್ನು ನೋಡಿಕೊಳ್ಳುತ್ತಾರೆ, ವೈದ್ಯರು ಕಾಯಿಲೆಯನ್ನು ನೋಡಿಕೊಳ್ಳುತ್ತಾರೆ. ಇವೆರಡರ ನಡುವೆ ಉಳಿಯುವ ಬದುಕನ್ನು ನೋಡಿಕೊಳ್ಳುವವರು ಬೇಕು.

‘ಕೋಚ್’ ಎಂಬ ಹೊಸ ಜೊತೆಗಾರ

ಈ ತೆರವಿನಲ್ಲಿಯೇ ಪಶ್ಚಿಮದ ದೇಶಗಳಲ್ಲಿ ಒಂದು ಹೊಸ ವೃತ್ತಿ ಹುಟ್ಟಿತು. 1990ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ವಕೀಲ ಸ್ಟುವರ್ಟ್ ವೆಬ್ ಎಂಬಾತನು ವಿಚ್ಛೇದನದ ಕದನಕ್ಕೆ ಬೇಸತ್ತು, ನ್ಯಾಯಾಲಯಕ್ಕೆ ಹೋಗದೆ ಎರಡೂ ಕಡೆಯವರು ಒಂದೇ ಮೇಜಿನ ಸುತ್ತ ಕುಳಿತು ತೀರಿಸಿಕೊಳ್ಳುವ ಸಹಕಾರಿ ಪದ್ಧತಿಯನ್ನು ಆರಂಭಿಸಿದ. ಮುಂದೆ ಆ ಮೇಜಿಗೆ ವಕೀಲರ ಜೊತೆಗೆ ಮನಸ್ಸನ್ನು ಬಲ್ಲ ‘ಕೋಚ್’ಗಳೂ ಬಂದರು. ಇಂದು ಅಮೆರಿಕದ ವಕೀಲರ ಸಂಘವು ಈ ಕೆಲಸವನ್ನು ವಿವಾದ ಪರಿಹಾರದ ಒಂದು ವಿಧಾನವೆಂದು ಗುರುತಿಸುತ್ತದೆ. ಹೊರದೇಶಗಳಲ್ಲಿ ನೆಲೆಸಿದ ನಮ್ಮ ಮಕ್ಕಳಿಗೂ ಬೆಂಗಳೂರು, ಪುಣೆಗಳ ಉದ್ಯೋಗಸ್ಥರಿಗೂ ಈ ಹೆಸರು ಈಗ ಹೊಸದಲ್ಲ.

ಸೊಲ್ಲಾಪುರದವರಿಗೆ ಕೋಚ್ ಎಂದರೆ ರೈಲಿನ ಡಬ್ಬಿ. ಇದು ಬರಿಯ ಹಾಸ್ಯವಲ್ಲ. ಹಂಗೇರಿಯ ಕೋಚ್ ಎಂಬ ಊರಿನ ಸಾರೋಟಿನಿಂದ ಹುಟ್ಟಿದ ಶಬ್ದವದು. ಕುಳಿತವನನ್ನು ಸುರಕ್ಷಿತವಾಗಿ ಮುಟ್ಟಿಸುವ ಬಂಡಿ ಎಂಬ ಅರ್ಥದಿಂದಲೇ, ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ಯಾರ್ಥಿಯನ್ನು ಪರೀಕ್ಷೆ ದಾಟಿಸುವ ಗುರುವಿಗೆ ಆ ಹೆಸರು ಬಂದಿತು. ಎಲ್ಲಿ ಇಳಿಯಬೇಕೆಂಬುದನ್ನು ಪ್ರಯಾಣಿಕನೇ ನಿಶ್ಚಯಿಸುತ್ತಾನೆ, ಬಂಡಿಯಲ್ಲ. ಒಳ್ಳೆಯ ಕೋಚಿನ ಲಕ್ಷಣವೂ ಅದೇ. ಬಿಡು ಎಂದೂ ಅನ್ನಬಾರದು, ಬಿಡಬೇಡ ಎಂದೂ ಅನ್ನಬಾರದು. ವಕೀಲರನ್ನು ಕಾಣುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಬರೆಸುವುದು, ಲಗ್ನಪತ್ರಿಕೆ, ಬ್ಯಾಂಕಿನ ಪುಸ್ತಕ, ಒಡವೆಯ ಯಾದಿ, ಮಕ್ಕಳ ಶಾಲೆಯ ಕಾಗದಗಳನ್ನು ಒಂದೆಡೆ ಕೂಡಿಸುವುದು, ಸಿಟ್ಟಿನ ಭರದಲ್ಲಿ ಕಳಿಸಹೊರಟ ಸಂದೇಶವನ್ನು ಒಂದು ರಾತ್ರಿ ತಡೆಹಿಡಿಯಲು ಹೇಳುವುದು, ಮಕ್ಕಳಿಗೆ ಯಾವ ಮಾತಿನಲ್ಲಿ ತಿಳಿಸಬೇಕೆಂದು ಕೂಡಿ ಯೋಚಿಸುವುದು, ಸಹಿ ಮಾಡಿದ ಮರುದಿನದ ಬೆಳಗು ಹೇಗೆ ಕಳೆಯಬೇಕೆಂದು ಮೊದಲೇ ಗೊತ್ತು ಮಾಡುವುದು ಅವರ ಕೆಲಸ. ಕಾನೂನಿನ ಸಲಹೆ ಕೊಡುವುದಾಗಲಿ, ಮನೋರೋಗಕ್ಕೆ ಚಿಕಿತ್ಸೆ ಮಾಡುವುದಾಗಲಿ ಅವರ ಕೆಲಸವಲ್ಲ.

ಎಚ್ಚರವೂ ಬೇಕು. ನಮ್ಮ ದೇಶದಲ್ಲಿ ವಕೀಲರಿಗಿರುವಂಥ ಸನದು ಈ ವೃತ್ತಿಗೆ ಇಲ್ಲ; ಯಾರು ಬೇಕಾದರೂ ಫಲಕ ಹಾಕಿಕೊಳ್ಳಬಹುದು. ಆದ್ದರಿಂದ ಅವರ ಓದೇನು, ಅನುಭವವೇನು, ಶುಲ್ಕವೆಷ್ಟು, ಗುಟ್ಟು ಕಾಯುವರೇ ಎಂದು ಮೊದಲೇ ವಿಚಾರಿಸಬೇಕು. ಹೊಡೆತ ಬಡಿತವಿರುವ ಮನೆಯಲ್ಲಿ ಮಾತುಕತೆಯ ಮೇಜಿಗಿಂತ ಮೊದಲು ರಕ್ಷಣೆ ಬೇಕು. ಅದಕ್ಕಾಗಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯೂ ಸಂರಕ್ಷಣಾ ಅಧಿಕಾರಿಗಳೂ 181ರ ಸಹಾಯವಾಣಿಯೂ ಇವೆ. ಹಣವಿಲ್ಲವೆಂದು ಸುಮ್ಮನಿರಬೇಕಾಗಿಲ್ಲ, ವರಮಾನ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ಪಡೆಯುವ ಹಕ್ಕಿದೆ.

ನಮ್ಮ ಪಾಲಿನ ಕೆಲಸ

ಇಷ್ಟು ಇತಿಹಾಸವನ್ನು ಹೇಳಿದ ಮೇಲೆ ನಮ್ಮ ಸಂಘದ ಅಂಗಳಕ್ಕೆ ಬರೋಣ. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಹೆಣ್ಣುಮಗಳನ್ನು ಕಣ್ಣಮುಂದೆ ತಂದುಕೊಳ್ಳಿ. ಅವಳು ಕಲಿತದ್ದು ಕನ್ನಡ ಶಾಲೆ. ನ್ಯಾಯಾಲಯದ ಕಾಗದ ಮರಾಠಿಯಲ್ಲಿ, ತೀರ್ಪು ಬಹುಶಃ ಇಂಗ್ಲಿಷಿನಲ್ಲಿ. ತಾನು ಸಹಿ ಮಾಡುವ ಅರ್ಜಿಯಲ್ಲಿ ಏನು ಬರೆದಿದೆ ಎಂದು ಅವಳಿಗೆ ತಿಳಿಯದು. ಎರಡು ಸಲ ಸಮ್ಮತಿ ಕೇಳುವ ಕಾನೂನಿಗೆ ಅವಳು ಎರಡು ಸಲವೂ ಅರ್ಥವಾಗದ ಭಾಷೆಯಲ್ಲಿ ‘ಹೂಂ’ ಅನ್ನುತ್ತಾಳೆ. ಗಂಡುಮಕ್ಕಳ ಪಾಡೂ ಬೇರೆಯಲ್ಲ. ಮನೆ ಒಡೆದ ತರುಣ ತನ್ನ ದುಃಖವನ್ನು ಹೇಳಿಕೊಳ್ಳಲು ಕಟ್ಟೆಯ ಮೇಲಿನ ಕುಚೋದ್ಯವನ್ನೂ ಕುಡಿತವನ್ನೂ ಬಿಟ್ಟರೆ ಬೇರೆ ಜಾಗ ಕಾಣದೆ ಒದ್ದಾಡುತ್ತಾನೆ.

ಇನ್ನೊಂದು ಅಪಾಯ ಹಳೆಯ ಸೋಡಚಿಠ್ಠಿಯ ನೆರಳಿನಿಂದ ಬಂದದ್ದು. ಛಾಪಾ ಕಾಗದದ ಮೇಲೆ ಬರೆದು ನೋಟರಿಯ ಮುದ್ರೆ ಒತ್ತಿಸಿದರೆ ಬಿಡುಗಡೆಯಾಯಿತೆಂದು ಇಂದಿಗೂ ನಂಬುವವರಿದ್ದಾರೆ. ರೂಢಿಯ ವಿಚ್ಛೇದನವನ್ನು ಹೇಳಿಕೊಳ್ಳುವವರು ಅಂಥ ರೂಢಿ ತಮ್ಮ ಸಮುದಾಯದಲ್ಲಿದೆಯೆಂದು ನ್ಯಾಯಾಲಯದಲ್ಲಿ ಪ್ರತಿಪಾದಿಸಿ ಸಿದ್ಧಪಡಿಸಲೇಬೇಕೆಂದು, ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದೆ. ಬರಿಯ ಕಾಗದವನ್ನು ನಂಬಿ ಎರಡನೆಯ ಮದುವೆ ಮಾಡಿದರೆ, ಮಗಳ ಆ ಮದುವೆಯೂ ಮುಂದೆ ಹುಟ್ಟುವ ಮಕ್ಕಳ ಆಸ್ತಿಯ ಹಕ್ಕೂ ತಕರಾರಿಗೆ ಬೀಳುತ್ತವೆ. 1876ರಲ್ಲಿ ದೈವವನ್ನು ನಂಬಿದವಳಿಗೆ ಬಂದ ಕಷ್ಟವೇ ಇಂದು ನೋಟರಿಯನ್ನು ನಂಬಿದವಳಿಗೂ ಬರುತ್ತದೆ.

ಇಲ್ಲಿ ಕನ್ನಡ ಸಂಘವೊಂದು ಮಾಡಬಹುದಾದ ಕೆಲಸವಿದೆ. ದೊಡ್ಡ ಹಣ ಬೇಡ, ದೊಡ್ಡ ಕಟ್ಟಡ ಬೇಡ. ಮರಾಠಿ ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳಬಲ್ಲ ನಿವೃತ್ತ ಶಿಕ್ಷಕಿಯೊಬ್ಬರು, ತಾರೀಖಿನ ದಿನ ಸೊಲ್ಲಾಪುರದ ಬಸ್ ನಿಲ್ದಾಣಕ್ಕೆ ಬಂದು ಕಾಯುವ ಅಕ್ಕನೊಬ್ಬಳು, ಕೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕದ ಹಿರಿಯರೊಬ್ಬರು ಸಾಕು. ದೈವದ ಕಟ್ಟೆಯಲ್ಲಿ ಸಾಮೀಪ್ಯವಿತ್ತು, ಸಮಾನತೆಯಿರಲಿಲ್ಲ. ನ್ಯಾಯಾಲಯದಲ್ಲಿ ಸಮಾನತೆಯಿದೆ, ಸಾಮೀಪ್ಯವಿಲ್ಲ. ಎರಡನ್ನೂ ಕೂಡಿಸುವ ಜಾಗ ನಮ್ಮ ಮನೆಗಳ ಪಡಸಾಲೆಯೇ ಆಗಬಹುದು. ಹೊರದೇಶದವರು ಶುಲ್ಕ ತೆತ್ತು ಪಡೆಯುವುದನ್ನು ನಾವು ಬಂಧುತ್ವದಿಂದ ಕೊಡಬಲ್ಲೆವು. ಆದರೆ ಅವರಿಂದ ಒಂದು ಶಿಸ್ತನ್ನು ಕಲಿಯಬೇಕು. ತೀರ್ಪು ಹೇಳದೆ ಕೇಳಿಸಿಕೊಳ್ಳುವ ಶಿಸ್ತು ಅದು.

ಮುಂದಿನ ಸಂಕ್ರಾಂತಿಗೆ ನಾವು ಮತ್ತೆ ಸಮ್ಮತಿ ಕಟ್ಟೆಯ ಮುಂದೆ ಸೇರುತ್ತೇವೆ. ಆ ಗುಂಪಿನಲ್ಲಿ, ಕೊಂಚ ದೂರದಲ್ಲಿ, ತಾನು ಅಕ್ಷತೆ ಹಾಕಬಹುದೋ ಬಾರದೋ ಎಂದು ಅಳುಕುತ್ತ ನಿಂತ ಹೆಣ್ಣುಮಗಳೊಬ್ಬಳು ಇರುತ್ತಾಳೆ. ‘ಬಾರವ್ವಾ, ಮುಂದ ಬಾ’ ಎಂದು ಕರೆದು ಅವಳ ಕೈಗೆ ನಾಲ್ಕು ಕಾಳು ಅಕ್ಷತೆ ಕೊಡೋಣ. ಮರುದಿನ ಅವಳಿಗೆ ಕೋರ್ಟಿನ ತಾರೀಖು ಇದ್ದರೆ, ಅಲ್ಲಿಗೂ ಜೊತೆಗೆ ಹೋಗೋಣ.